ಎದುರಾಳಿಯ ಬಾಯಿಗೂ ಮಾತು ಕೊಟ್ಟವರು

ಇಂದಿನ ತುರ್ಕಿಯ ಪಶ್ಚಿಮ ಅಂಚಿನಲ್ಲಿ ಮಿಲೇಟಸ್ ಎಂಬ ಹಾಳೂರಿದೆ. ಒಂದು ಕಾಲಕ್ಕೆ ಅದು ಹಡಗುಗಳು ಕಿಕ್ಕಿರಿದ ಗ್ರೀಕ್ ಬಂದರು. ನದಿ ತಂದು ಸುರಿದ ಹೂಳಿನಿಂದಾಗಿ ಕಡಲು ಈಗ ಮೈಲಿಗಟ್ಟಲೆ ದೂರ ಸರಿದಿದೆ. ಬಂದರಿದ್ದ ಕಡೆ ಹೊಲಗಳಿವೆ. ಈ ಊರಿನವನಾದ ಥೇಲೀಸ್ ಕ್ರಿ.ಪೂ. ಆರನೆಯ ಶತಮಾನದಲ್ಲಿ, ದೇವತೆಗಳ ಕೋಪತಾಪಗಳನ್ನು ಬದಿಗಿಟ್ಟು, ಜಗತ್ತೆಲ್ಲ ಯಾವುದರಿಂದ ಆಯಿತು ಎಂದು ಕೇಳಿದ. ನೀರಿನಿಂದ ಎಂದು ಉತ್ತರವನ್ನೂ ಕೊಟ್ಟ. ಉತ್ತರ ತಪ್ಪಾದರೂ ಪ್ರಶ್ನೆ ಉಳಿಯಿತು. ಅವನ ಊರಿನವನೇ ಆದ ಅನಾಕ್ಸಿಮಾಂಡರ್ ಭೂಮಿಯ ನಕ್ಷೆ ಬರೆದ.

ಅದೇ ಊರಿನ ಹೆಕಟೇಯಸ್ ದೇಶ ಸುತ್ತಿ ಕಂಡದ್ದನ್ನು ಬರೆದವನು. ಅವನ ಬಗ್ಗೆ ಒಂದು ತಮಾಷೆಯ ಪ್ರಸಂಗವಿದೆ. ಈಜಿಪ್ಟಿನ ಥೀಬ್ಸ್ ನಗರದಲ್ಲಿ ಅವನು ಅರ್ಚಕರೆದುರು ತನ್ನ ವಂಶಾವಳಿ ಒಪ್ಪಿಸಿದನಂತೆ: ಹದಿನಾರು ತಲೆಮಾರು ಹಿಂದಕ್ಕೆ ಹೋದರೆ ನಮ್ಮ ಮೂಲಪುರುಷ ದೇವರೇ. ಅರ್ಚಕರು ವಾದಕ್ಕೆ ಇಳಿಯಲಿಲ್ಲ. ಅವನನ್ನು ದೇಗುಲದ ಒಳಗೆ ಕರೆದೊಯ್ದು, ಸಾಲಾಗಿ ನಿಲ್ಲಿಸಿದ್ದ 345 ಮರದ ಪ್ರತಿಮೆಗಳನ್ನು ತೋರಿಸಿದರು. ಎಲ್ಲವೂ ಅಲ್ಲಿನ ಪ್ರಧಾನ ಅರ್ಚಕರವು. ತಂದೆಯ ನಂತರ ಮಗ, ಮಗನ ನಂತರ ಮೊಮ್ಮಗ. ಅಷ್ಟೂ ತಲೆಮಾರುಗಳಲ್ಲಿ ಒಬ್ಬನೂ ದೇವರಲ್ಲ, ಎಲ್ಲರೂ ಮನುಷ್ಯರ ಹೊಟ್ಟೆಯಲ್ಲಿ ಹುಟ್ಟಿದವರೇ. ಗ್ರೀಕರ ಜಂಬಕ್ಕೆ ಇಂಥ ಪೆಟ್ಟು ಬಿದ್ದದ್ದನ್ನು ನಗುನಗುತ್ತ ಬರೆದಿಟ್ಟವನು ಇನ್ನೊಬ್ಬ ಗ್ರೀಕ, ಹೆರೊಡೋಟಸ್.

ಕ್ರಿ.ಪೂ. 494ರಲ್ಲಿ ಪರ್ಷಿಯದ ಸೇನೆ ಮಿಲೇಟಸನ್ನು ಹಿಡಿದು ಹಾಳುಗೆಡವಿತು. ಆ ಸಂಕಟವನ್ನೇ ವಸ್ತುವಾಗಿಸಿಕೊಂಡು ಫ್ರಿನಿಕಸ್ ಎಂಬ ಕವಿ ಅಥೆನ್ಸಿನಲ್ಲಿ ನಾಟಕ ಆಡಿಸಿದ. ನೋಡಲು ಕೂತವರೆಲ್ಲ ಗೊಳೋ ಎಂದು ಅತ್ತರು. ಅತ್ತ ಮೇಲೆ ಕವಿಗೆ ಸಾವಿರ ದ್ರಾಖ್ಮ ದಂಡ ಹಾಕಿದರು. ನಮ್ಮವರ ದುಃಖವನ್ನು ನಮ್ಮ ಕಣ್ಣಮುಂದೆಯೇ ತಂದದ್ದು ಅವನ ಅಪರಾಧ. ಆ ನಾಟಕವನ್ನು ಇನ್ನು ಯಾರೂ ಆಡಕೂಡದು ಎಂದೂ ಕಟ್ಟಪ್ಪಣೆಯಾಯಿತು. ತತ್ತ್ವಚಿಂತನೆ, ಚರಿತ್ರೆ, ನಾಟಕ ಈ ಮೂರರ ಎಳೆಗಳೂ ಹೀಗೆ ಒಂದು ಸುಟ್ಟ ಊರಿನಲ್ಲಿ ಕೂಡುತ್ತವೆ. ನಾವು ಪುಸ್ತಕದಂಗಡಿಯಲ್ಲಿ ಮೂರನ್ನೂ ಬೇರೆ ಬೇರೆ ಕಪಾಟಿನಲ್ಲಿ ಹುಡುಕುತ್ತೇವೆ. ಐದನೆಯ ಶತಮಾನದ ಅಥೆನ್ಸಿನಲ್ಲಿ ಅವುಗಳನ್ನು ಬರೆದವರು ಒಬ್ಬರನ್ನೊಬ್ಬರು ಬಲ್ಲವರು, ಒಂದೇ ಸಂತೆಯಲ್ಲಿ ಎದುರಾಗುತ್ತಿದ್ದವರು.

ದಂಡದ ಪಾಠ ಕಲಿತ ಮೇಲೆ ನಾಟಕಕಾರರು ಸಮಕಾಲೀನ ವಸ್ತುವಿನ ತಂಟೆಗೆ ಹೋಗಬಾರದಿತ್ತು. ಆದರೂ ಕ್ರಿ.ಪೂ. 472ರಲ್ಲಿ ಈಸ್ಕಿಲಸ್ ಹೋದ, ಅದೂ ಎಂಥ ದಾರಿಯಲ್ಲಿ! ಎಂಟು ವರ್ಷಗಳ ಹಿಂದೆ ಪರ್ಷಿಯದ ದೊರೆ ಕ್ಸೆರ್ಕ್ಸೀಸ್ ಅಥೆನ್ಸಿಗೆ ನುಗ್ಗಿ ಅಕ್ರೊಪೊಲಿಸ್ ಗುಡ್ಡದ ದೇಗುಲಗಳನ್ನು ಸುಟ್ಟಿದ್ದ. ಆಮೇಲೆ ಸಲಾಮಿಸ್ ಕಡಲಗಾಳಗದಲ್ಲಿ ಸೋತು ಹಿಂತಿರುಗಿದ್ದ. ಈಸ್ಕಿಲಸ್ ಸ್ವತಃ ಅದಕ್ಕೂ ಹಿಂದೆ ಪರ್ಷಿಯನ್ನರ ವಿರುದ್ಧ ಮ್ಯಾರಥಾನ್ ಕಣದಲ್ಲಿ ಕಾದಾಡಿದವನು. ಅಲ್ಲಿ ಅವನ ಸೋದರ ಸತ್ತಿದ್ದ. ಇಷ್ಟೆಲ್ಲ ಆದ ಮೇಲೆ ಬರೆದ ‘ಪರ್ಷಿಯನ್ನರು’ ನಾಟಕದಲ್ಲಿ ಅಥೆನ್ಸಿನ ಒಬ್ಬ ವೀರನ ಹೆಸರೂ ಬರುವುದಿಲ್ಲ. ಕಥೆ ನಡೆಯುವುದು ವೈರಿಯ ರಾಜಧಾನಿ ಸೂಸಾದಲ್ಲಿ. ಮುದುಕ ಮಂತ್ರಿಗಳ ಮೇಳ ಸುದ್ದಿಗಾಗಿ ಕಾದಿದೆ. ರಾಜಮಾತೆ ಕೆಟ್ಟ ಕನಸು ಕಂಡಿದ್ದಾಳೆ. ದೂತ ಬಂದು ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ತೀರಿಹೋದ ದೊರೆ ದಾರಯನ ಪ್ರೇತ ಸಮಾಧಿಯಿಂದೆದ್ದು ಮಗನ ಮದವನ್ನು ಬಯ್ಯುತ್ತದೆ. ಕೊನೆಗೆ ಚಿಂದಿ ಬಟ್ಟೆಯಲ್ಲಿ ಕ್ಸೆರ್ಕ್ಸೀಸನೇ ಬಂದು ಗೋಳಿಡುತ್ತಾನೆ. ಸುಟ್ಟ ಗುಡ್ಡದ ಬುಡದಲ್ಲಿ ಕೂತ ಜನ, ತಮ್ಮ ಊರು ಸುಟ್ಟವನ ತಾಯಿಯ ದುಃಖ ಕೇಳಿದರು. ಈಸ್ಕಿಲಸನಿಗೆ ಮೊದಲ ಬಹುಮಾನವನ್ನೂ ಕೊಟ್ಟರು. ನಾಟಕದ ಖರ್ಚು ಹೊತ್ತಿದ್ದ ಧನಿಕ ತರುಣನ ಹೆಸರು ಪೆರಿಕ್ಲೀಸ್. ಮುಂದೆ ಅಥೆನ್ಸನ್ನು ಮುನ್ನಡೆಸಿದವನು. ಈ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ಅವರ ‘ಅಶ್ವತ್ಥಾಮನ್’ ಹೆಚ್ಚು ಹೆಸರಾಯಿತು. ‘ಪಾರಸಿಕರು’ ಅಷ್ಟು ಓದಿಸಿಕೊಳ್ಳಲಿಲ್ಲ. ಓದಬೇಕಾದ ಕೃತಿ.

ನಾಟಕ ಅಲ್ಲಿ ಸಂಜೆಯ ಕಾಲಕ್ಷೇಪವಾಗಿರಲಿಲ್ಲ. ವಸಂತದಲ್ಲಿ ಡಯೊನೈಸಸ್ ದೇವರ ಹಬ್ಬ. ಬಿಸಿಲೇರುವ ಮೊದಲೇ ಜನ ಗುಡ್ಡದ ಇಳಿಜಾರಿನ ಮರದ ಬೆಂಚುಗಳ ಮೇಲೆ ಜಾಗ ಹಿಡಿಯುತ್ತಿದ್ದರು. ಇಂದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಕಲ್ಲಿನ ಪೀಠಗಳೆಲ್ಲ ನಂತರದವು. ಈಸ್ಕಿಲಸ್ ಅವನ್ನು ಕಂಡವನಲ್ಲ. ಮೂವರು ಕವಿಗಳ ನಡುವೆ ಸ್ಪರ್ಧೆ; ಒಬ್ಬೊಬ್ಬನದೂ ಮೂರು ಗಂಭೀರ ನಾಟಕ, ಮೇಲೊಂದು ಹಾಸ್ಯದ ಸೇಟರ್ ನಾಟಕ. ಮಾತಾಡುವ ನಟರು ಮೂವರಷ್ಟೇ, ಎಲ್ಲರೂ ಗಂಡಸರು. ಮುಖವಾಡ ಬದಲಿಸಿ ರಾಣಿಯೂ ಆಗಬೇಕು, ಕಾವಲುಗಾರನೂ ಆಗಬೇಕು. ಜೊತೆಗೆ ಹಾಡಿ ಕುಣಿಯುವ ಮೇಳ. ಅದರಲ್ಲಿದ್ದವರು ಊರಿನ ಸಾಮಾನ್ಯ ನಾಗರಿಕರು. ಅಭ್ಯಾಸ ನಡೆಯುವಷ್ಟು ದಿನ ಅವರಿಗೆ ಯುದ್ಧದ ಕರೆಯಿಂದ ವಿನಾಯಿತಿ. ತೀರ್ಪುಗಾರರು ಹತ್ತು ಮಂದಿ, ಚೀಟಿ ಎತ್ತಿ ಆರಿಸಿದವರು. ಅವರು ಬರೆದುಕೊಟ್ಟ ಹತ್ತರಲ್ಲಿ ಐದನ್ನು ಮಾತ್ರ ಮತ್ತೆ ಚೀಟಿಯಂತೆ ಎತ್ತಿ ಎಣಿಸುತ್ತಿದ್ದರು, ಯಾರೂ ಲಂಚ ಕೊಟ್ಟು ಗೆಲ್ಲಬಾರದೆಂದು. ಆ ಜನ ಒಬ್ಬರನ್ನೊಬ್ಬರು ಚೆನ್ನಾಗಿಯೇ ಅರ್ಥ ಮಾಡಿಕೊಂಡಿದ್ದರು.

ವೈರಿಗೂ ವೇದಿಕೆ ಕೊಡುವ ಈ ಗುಣ ಎಲ್ಲಿಂದ ಬಂತು? ಬರಿಯ ಔದಾರ್ಯದಿಂದ ಎನ್ನುವುದು ಕಷ್ಟ. ಅಥೆನ್ಸಿನ ಬದುಕೇ ವಾದವಿವಾದದ ಬದುಕು. ಅಲ್ಲಿನ ಅಗೋರಾ ಎಂಬ ಚೌಕದಲ್ಲಿ ಅಗೆದಾಗ ಮಣ್ಣಿನದೊಂದು ಪಾತ್ರೆ ಸಿಕ್ಕಿತು. ಬುಡದಲ್ಲಿ ತೂತು, ಸುಮಾರು ಆರೂವರೆ ಲೀಟರು ನೀರು ಹಿಡಿಯುತ್ತದೆ, ಆರು ನಿಮಿಷದಲ್ಲಿ ಬರಿದಾಗುತ್ತದೆ. ಇದು ನ್ಯಾಯಾಲಯದ ಗಡಿಯಾರ. ವಾದಿಗೆ ಎಷ್ಟು ನೀರೋ ಪ್ರತಿವಾದಿಗೂ ಅಷ್ಟೇ ನೀರು. ವಕೀಲರಿಲ್ಲ, ಪೂರ್ಣಾವಧಿಯ ನ್ಯಾಯಾಧೀಶರಿಲ್ಲ. ನೂರಾರು ನಾಗರಿಕರು ಕೂತು ಕೇಳಿ ಮತ ಹಾಕುವರು. ಇಬ್ಬರ ಮಾತನ್ನೂ ಸಮನಾಗಿ ಕೇಳುತ್ತೇನೆ ಎಂಬುದು ಅವರು ತೊಡುತ್ತಿದ್ದ ಪ್ರಮಾಣದ ಒಂದು ಅಂಗ. ಹಣ ಪಡೆದು ವಾದಕಲೆ ಹೇಳಿಕೊಡುವ ಸೋಫಿಸ್ಟರು ಈ ಊರಿಗೆ ಇರುವೆಗಳ ಹಾಗೆ ಮುತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಪೈಕಿ ಪ್ರೊಟಾಗರಸ್ ಹಿರಿಯ; ಪ್ರತಿ ವಿಷಯಕ್ಕೂ ಒಂದಕ್ಕೊಂದು ಎದುರಾದ ಎರಡು ವಾದಗಳಿರುತ್ತವೆ ಎಂಬುದು ಅವನ ಹೆಸರಿಗೆ ಅಂಟಿದ ಮಾತು. ನಾಟಕ, ಚರಿತ್ರೆ, ತತ್ತ್ವಶಾಸ್ತ್ರ ಮೂರಕ್ಕೂ ಈ ಮಣ್ಣಿನ ಪಾತ್ರೆಯ ಋಣವಿದೆ.

ಹೆರೊಡೋಟಸ್ ಅಥೆನ್ಸಿನವನಲ್ಲ, ಹುಟ್ಟಿದ್ದು ಇಂದಿನ ತುರ್ಕಿಯ ಬೋದ್ರುಮ್ ಇರುವ ಹಾಲಿಕಾರ್ನಾಸಸ್‌ನಲ್ಲಿ, ಕ್ರಿ.ಪೂ. 484ರ ಸುಮಾರಿಗೆ. ಗ್ರೀಕರಿಗೂ ಪರ್ಷಿಯನ್ನರಿಗೂ ಯಾಕೆ ಯುದ್ಧವಾಯಿತು ಎಂದು ವಿಚಾರಿಸಲು ಹೊರಟ ಈತ ಈಜಿಪ್ಟ್, ಕಪ್ಪುಸಮುದ್ರದ ತೀರ, ಫಿನೀಷಿಯ ಎಂದೆಲ್ಲ ಅಲೆದು, ಸಿಕ್ಕಸಿಕ್ಕವರನ್ನು ಮಾತಾಡಿಸಿದ. ಎರಡೂ ಕಡೆಯವರ ಹಿರಿಮೆ ಮರೆಯಾಗಬಾರದು ಎಂಬುದನ್ನು ಗ್ರಂಥದ ಮೊದಲಲ್ಲೇ ಸಾರಿದ. ಅವನಿಗೆ ಕಥೆ ಕಂಡರೆ ಪ್ರಾಣ. ಭಾರತದ ಮರಳುಗಾಡಿನಲ್ಲಿ ನಾಯಿಗಿಂತ ಚಿಕ್ಕದಾದ, ನರಿಗಿಂತ ದೊಡ್ಡದಾದ ಇರುವೆಗಳು ಚಿನ್ನದ ಮರಳನ್ನು ಅಗೆದು ಹಾಕುತ್ತವೆ ಎಂದು ನಂಬಿ ಬರೆದ. ಅದೇ ಉಸಿರಿನಲ್ಲಿ, ಅಲ್ಲಿ ಗಿಡಗಳು ಕುರಿಯ ಉಣ್ಣೆಗಿಂತ ಸೊಗಸಾದ ಉಣ್ಣೆ ಬಿಡುತ್ತವೆ ಎಂದೂ ಬರೆದ. ಅದು ಹತ್ತಿ, ಅಪ್ಪಟ ನಿಜ. ಹತ್ತಿಬಟ್ಟೆ ತೊಟ್ಟು ಬಿದಿರಿನ ಬಿಲ್ಲು ಹಿಡಿದ ಭಾರತೀಯ ಸೈನಿಕರು ಕ್ಸೆರ್ಕ್ಸೀಸನ ದಂಡಿನಲ್ಲಿದ್ದುದನ್ನೂ ಗುರುತು ಹಾಕಿದ್ದಾನೆ. ಆಫ್ರಿಕವನ್ನು ಸುತ್ತಿ ಬಂದ ಫಿನೀಷಿಯನ್ ನಾವಿಕರು, ಪಶ್ಚಿಮಕ್ಕೆ ಹೋಗುವಾಗ ಸೂರ್ಯ ಬಲಗಡೆಗಿದ್ದ ಎಂದದ್ದನ್ನು ದಾಖಲಿಸಿ, ತಾನಂತೂ ನಂಬುವುದಿಲ್ಲ ಎಂದು ಮೂಗು ಮುರಿದ. ಅವರು ಭೂಮಧ್ಯರೇಖೆ ದಾಟಿ ದಕ್ಷಿಣಕ್ಕೆ ಹೋಗಿದ್ದರೆ ಸೂರ್ಯ ಬಲಗಡೆಗೇ ಇರಬೇಕು! ನಂಬದ ಮಾತನ್ನೂ ಅಳಿಸದೆ ಇಟ್ಟದ್ದರಿಂದ ಆ ನಾವಿಕರ ಪರವಾಗಿ ಸಾಕ್ಷಿ ಉಳಿಯಿತು.

ಅವನ ಒಂದು ಪ್ರಸಂಗವನ್ನಂತೂ ಬಿಡುವ ಹಾಗಿಲ್ಲ. ದೊರೆ ದಾರಯ ತನ್ನ ಆಸ್ಥಾನದ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ಹೆಣ ತಿನ್ನುವಿರಿ ಎಂದ. ಜಗತ್ತನ್ನೇ ಕೊಟ್ಟರೂ ಇಲ್ಲ ಎಂದರು. ಆಮೇಲೆ ತಂದೆತಾಯಿಯರ ದೇಹವನ್ನು ತಿನ್ನುವ ಸಂಪ್ರದಾಯವುಳ್ಳ ಭಾರತದ ಒಂದು ಪಂಗಡದವರನ್ನು ಕರೆಸಿ, ಎಷ್ಟು ಕೊಟ್ಟರೆ ತಂದೆಯ ಹೆಣ ಸುಡುವಿರಿ ಎಂದು ಕೇಳಿದ. ಅವರು ಕಿರುಚಿಕೊಂಡು, ಅಂಥ ಮಾತು ಆಡಲೇಬೇಡಿ ಎಂದರು. ಹೆಣ ಸುಡುವ ಪದ್ಧತಿಯ ಗ್ರೀಕರು ದುಭಾಷಿಯ ಮೂಲಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತ ಅಲ್ಲೇ ನಿಂತಿದ್ದರು. ಇಂಥ ಪಂಗಡ ನಿಜವಾಗಿ ಇತ್ತೇ ಎಂಬುದು ಬೇರೆ ಚರ್ಚೆ. ನಮ್ಮ ಪದ್ಧತಿಯೂ ಇನ್ನೊಬ್ಬರಿಗೆ ಅಸಹ್ಯವಾಗಿ ಕಾಣಬಹುದು ಎಂಬುದನ್ನು ಹೆರೊಡೋಟಸ್ ಒಂದು ಪುಟ್ಟ ನಾಟಕವಾಗಿಯೇ ಕಟ್ಟಿದ್ದಾನೆ. ಸಲಾಮಿಸ್ ಯುದ್ಧದ ವರ್ಣನೆಯಲ್ಲೂ ಹಾಗೆಯೇ. ಅವನ ಊರಿನ ರಾಣಿ ಆರ್ಟಿಮಿಸಿಯ ಪರ್ಷಿಯದ ಪರವಾಗಿ ಐದು ಹಡಗು ತಂದು ಹೋರಾಡಿದಳು. ಆಕೆಯನ್ನು ಜೀವಂತ ಹಿಡಿದವರಿಗೆ ಅಥೆನ್ಸ್ ಹತ್ತು ಸಾವಿರ ದ್ರಾಖ್ಮ ಬಹುಮಾನ ಸಾರಿತ್ತು. ಕಡಲಲ್ಲಿ ಕಾದಬೇಡಿ ಎಂದು ಕ್ಸೆರ್ಕ್ಸೀಸನಿಗೆ ಬುದ್ಧಿ ಹೇಳಿದವಳೂ ಆಕೆಯೊಬ್ಬಳೇ. ಗ್ರೀಕರ ಗೆಲುವಿನ ಕಥೆ ಬರೆಯುತ್ತಿದ್ದವನು ಶತ್ರುಪಕ್ಷದ ಹೆಣ್ಣಿನ ಜಾಣತನವನ್ನು ಬಾಯಿತುಂಬ ಹೊಗಳಿದ. ಪ್ಲುಟಾರ್ಕ್ ಎಂಬವನು ಮುಂದೆ ಇವನನ್ನು ಪರದೇಶಿಗಳ ಪ್ರೇಮಿ ಎಂದು ಬಯ್ದು ಒಂದು ಪುಸ್ತಕವನ್ನೇ ಬರೆದ. ಅದು ಬೈಗುಳವೋ ಪ್ರಶಸ್ತಿಯೋ, ಓದಿದವರೇ ಹೇಳಬೇಕು.

ಹೆರೊಡೋಟಸನಿಗೂ ನಾಟಕಕವಿ ಸೊಫೊಕ್ಲೀಸನಿಗೂ ಸ್ನೇಹವಿತ್ತು ಎನ್ನುತ್ತಾರೆ. ಕವಿ ಚರಿತ್ರಕಾರನ ಮೇಲೆ ಪದ್ಯ ಬರೆದದ್ದಂತೂ ಪ್ಲುಟಾರ್ಕನಿಗೆ ಗೊತ್ತಿತ್ತು. ಸ್ನೇಹದ ಗುರುತು ಸೊಫೊಕ್ಲೀಸನ ‘ಆಂಟಿಗೊನೆ’ ನಾಟಕದಲ್ಲೂ ಸಿಗುತ್ತದೆ. ಹೆರೊಡೋಟಸ್ ಹೇಳುವ ಒಂದು ಕಥೆ ಹೀಗಿದೆ: ಗಂಡ, ಮಕ್ಕಳು, ಅಣ್ಣ ಎಲ್ಲರೂ ದಾರಯನ ಸೆರೆಯಲ್ಲಿ, ಒಬ್ಬನನ್ನು ಬಿಡಿಸಿಕೋ ಎಂದು ದೊರೆ ಹೇಳಿದಾಗ ಆ ಹೆಂಗಸು ಅಣ್ಣನನ್ನು ಆರಿಸಿದಳು. ಇನ್ನೊಬ್ಬ ಗಂಡ ಸಿಕ್ಕಾನು, ಇನ್ನೊಂದು ಮಗು ಹುಟ್ಟೀತು. ಅಪ್ಪ ಅಮ್ಮ ಸತ್ತ ಮೇಲೆ ಇನ್ನೊಬ್ಬ ಅಣ್ಣ ಎಲ್ಲಿಂದ ಬಂದಾನು? ದೊರೆಯ ಆಜ್ಞೆ ಮೀರಿ ಅಣ್ಣನಿಗೆ ಮಣ್ಣು ಮಾಡಿದ್ದಕ್ಕೆ ಸಾಯಲು ಹೊರಟ ಆಂಟಿಗೊನೆಯೂ ಇದೇ ಲೆಕ್ಕ ಹೇಳುತ್ತಾಳೆ. ಜರ್ಮನಿಯ ಗಯಟೆಗೆ ಈ ಸಾಲುಗಳು ಎಷ್ಟು ಇರುಸುಮುರುಸು ತಂದವೆಂದರೆ, ಯಾರಾದರೂ ವಿದ್ವಾಂಸರು ಇವು ಪ್ರಕ್ಷಿಪ್ತ ಎಂದು ತೋರಿಸಲಿ ಎಂದು ಆಸೆಪಟ್ಟ.

ಸೊಫೊಕ್ಲೀಸ್ ಗುಹೆಯಲ್ಲಿ ಕೂತು ಬರೆದ ಋಷಿಯಲ್ಲ. ಊರಿನ ಖಜಾನೆ ನೋಡಿಕೊಂಡ, ಕ್ರಿ.ಪೂ. 441ರಲ್ಲಿ ಪೆರಿಕ್ಲೀಸನ ಜೊತೆ ದಂಡನಾಯಕನಾಗಿ ಆಯ್ಕೆಯಾಗಿ ಸಾಮೋಸ್ ದ್ವೀಪದ ಮೇಲೆ ದಂಡೆತ್ತಿ ಹೋದ. ಹಾಗಾಗಿ ಅವನ ನಾಟಕದಲ್ಲಿ ಆಳುವವನ ಮಾತಿಗೂ ತೂಕವಿದೆ. ಆಂಟಿಗೊನೆಯ ಎದುರು ನಿಲ್ಲುವ ದೊರೆ ಕ್ರೆಯಾನ್ ಬರಿಯ ದುಷ್ಟನಾಗಿದ್ದರೆ ನಾಟಕ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ಊರಿನ ಮೇಲೆ ದಂಡೆತ್ತಿ ಬಂದವನಿಗೂ ಊರು ಕಾಯ್ದವನಿಗೂ ಒಂದೇ ಮರ್ಯಾದೆಯೇ ಎಂಬ ಅವನ ಪ್ರಶ್ನೆ ಸಭೆಯಲ್ಲಿದ್ದ ಸೈನಿಕರಿಗೆ ಸರಿಯಾಗಿಯೇ ಕಂಡಿರಬೇಕು. ‘ಈಡಿಪಸ್’ನಲ್ಲಿ ಊರಿಗೆ ಬಂದ ಪಿಡುಗಿನ ಕಾರಣ ಹುಡುಕುವ ದೊರೆ, ಒಬ್ಬೊಬ್ಬ ಸಾಕ್ಷಿಯನ್ನೂ ಪಾಟೀಸವಾಲಿಗೆ ಎಳೆದು ತಾನೇ ಅಪರಾಧಿ ಎಂದು ಕಂಡುಕೊಳ್ಳುತ್ತಾನೆ. ಪಿ. ಲಂಕೇಶರ ‘ದೊರೆ ಈಡಿಪಸ್’ ಮೂಲಕ ಕನ್ನಡಿಗರಿಗೂ ಇದು ಪರಿಚಿತ. ಜಗತ್ತಿನ ಶ್ರೇಷ್ಠ ನಾಟಕವೆಂದು ಹೆಸರಾದ ಇದಕ್ಕೆ ಅಥೆನ್ಸಿನಲ್ಲಿ ಎರಡನೆಯ ಸ್ಥಾನ. ಗೆದ್ದವನು ಫಿಲೊಕ್ಲೀಸ್, ಈಸ್ಕಿಲಸನ ಸೋದರಳಿಯ; ಅವನ ಒಂದು ನಾಟಕವೂ ಇಂದು ಉಳಿದಿಲ್ಲ.

ಚರಿತ್ರೆ ಥುಸಿಡಿಡೀಸನ ಕೈಗೆ ಬಂದಾಗ ಕಥೆಗಾರನ ನಗು ಮಾಯವಾಯಿತು. ಕ್ರಿ.ಪೂ. 431ರಲ್ಲಿ ಅಥೆನ್ಸಿಗೂ ಸ್ಪಾರ್ಟಾಕ್ಕೂ ಯುದ್ಧ ಹತ್ತಿಕೊಂಡ ಕ್ಷಣದಿಂದಲೇ ಬರೆಯಲು ತೊಡಗಿದ ಈತ ಅಥೆನ್ಸಿಗೆ ಬಡಿದ ಮಹಾಮಾರಿಗೆ ಸಿಕ್ಕಿ ಬದುಕಿದವನು. ಕಣ್ಣು, ಗಂಟಲು, ಹೊಟ್ಟೆ ಎಂದು ರೋಗ ದೇಹದಲ್ಲಿ ಇಳಿಯುತ್ತ ಹೋದದ್ದನ್ನು ವೈದ್ಯನ ಹಾಗೆ ಬರೆದಿಟ್ಟ. 424ರಲ್ಲಿ ದಂಡನಾಯಕನಾದ, ಆಂಫಿಪೊಲಿಸ್ ನಗರವನ್ನು ಕಾಪಾಡಲು ಹೊತ್ತಿಗೆ ಸರಿಯಾಗಿ ತಲುಪಲಿಲ್ಲವೆಂದು ಇಪ್ಪತ್ತು ವರ್ಷ ದೇಶಭ್ರಷ್ಟನಾದ. ಅದರಿಂದ ಅವನಿಗೆ ಸ್ಪಾರ್ಟಾದ ಕಡೆಯವರ ಮಾತನ್ನೂ ಬಿಡುವಾಗಿ ಕೇಳುವ ಅವಕಾಶ ಸಿಕ್ಕಿತು. ಹಾಗೆಂದು ಅವನೇ ಹೇಳಿಕೊಂಡಿದ್ದಾನೆ. ಸೋಲಿನ ಬಗ್ಗೆ ಒಂದು ಗೊಣಗಾಟವೂ ಇಲ್ಲ. ಪಕ್ಷ, ಪ್ರತಿಪಕ್ಷಗಳ ಭಾಷಣಗಳನ್ನು ಎದುರುಬದುರು ನಿಲ್ಲಿಸುವುದು ಅವನ ರೀತಿ. ಯಾರದು ಸರಿ ಎಂದು ಅವನು ಬಾಯಿಬಿಟ್ಟು ಹೇಳುವುದು ಅಪರೂಪ.

ಕ್ರಿ.ಪೂ. 427ರ ಒಂದು ಘಟನೆಯಲ್ಲಿ ಅವನ ಕೈಚಳಕ ಪೂರ್ತಿ ಕಾಣುತ್ತದೆ. ಲೆಸ್ಬಾಸ್ ದ್ವೀಪದ ಮಿಟಿಲೀನಿ ನಗರ ಅಥೆನ್ಸಿನ ವಿರುದ್ಧ ದಂಗೆಯೆದ್ದು ಸೋತು ಶರಣಾಯಿತು. ಸಭೆ ಸೇರಿದ ಅಥೆನ್ಸಿನ ಜನ ಕೋಪದ ಭರದಲ್ಲಿ, ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಬೇಕೆಂದು ಮತ ಹಾಕಿ, ಆಜ್ಞೆ ಹೊತ್ತ ಹಡಗನ್ನು ಕಳಿಸಿಯೇಬಿಟ್ಟರು. ಬೆಳಗಾದಾಗ ಎದೆ ಚುರುಕ್ ಎಂದಿತು. ಮತ್ತೆ ಸಭೆ. ಕ್ಲಿಯಾನ್ ಎಂಬ ಮುಂದಾಳು, ನಿನ್ನೆಯ ತೀರ್ಮಾನ ಬದಲಿಸುವ ಪ್ರಜಾಪ್ರಭುತ್ವ ರಾಜ್ಯ ಆಳಲು ನಾಲಾಯಕ್ಕು ಎಂದು ಗುಡುಗಿದ. ಡಯಡೊಟಸ್ ಎಂಬವನು ಎದ್ದು, ಕರುಣೆಯ ಮಾತು ಬಿಡಿ, ಹೀಗೆ ಕೊಂದರೆ ನಮಗೇನು ಲಾಭ, ಮುಂದೆ ದಂಗೆಯೇಳುವವರು ಶರಣಾಗುವುದನ್ನೇ ಬಿಟ್ಟಾರು ಎಂದ. ಕೂದಲೆಳೆಯ ಅಂತರದಲ್ಲಿ ಡಯಡೊಟಸ್ ಗೆದ್ದ. ಒಂದು ಹಗಲು ಒಂದು ರಾತ್ರಿ ಹಿಂದೆ ಬಿದ್ದಿದ್ದ ಎರಡನೆಯ ಹಡಗು ಓಡಿತು. ಹುಟ್ಟುಗಾರರು ಹುಟ್ಟು ಬಿಡದೆ, ದ್ರಾಕ್ಷಾರಸ ಎಣ್ಣೆಗಳಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ತಿನ್ನುತ್ತಲೇ ಎಳೆದರು. ಪಾಳಿಯ ಮೇಲೆ ನಿದ್ದೆ. ಅದೃಷ್ಟಕ್ಕೆ ಎದುರುಗಾಳಿ ಇರಲಿಲ್ಲ. ಕೊಲ್ಲಲು ಹೊರಟ ಮೊದಲ ಹಡಗಿನವರಿಗೂ ಆ ಕೆಲಸದಲ್ಲಿ ಅಷ್ಟೇನೂ ಅವಸರ ಇರಲಿಲ್ಲ. ದ್ವೀಪದಲ್ಲಿದ್ದ ದಂಡನಾಯಕ ಆಜ್ಞೆ ಓದಿ ಮುಗಿಸಿ ಜಾರಿಗೆ ಕೈಹಾಕುವ ಹೊತ್ತಿಗೆ ಎರಡನೆಯದು ಬಂದು ತಲುಪಿತು. ನಗರ ಉಳಿಯಿತು, ಆದರೂ ದಂಗೆಯ ಮುಂದಾಳುಗಳೆಂದು ಸಾವಿರಕ್ಕೂ ಮಿಕ್ಕಿ ಜನರನ್ನು ಕೊಂದರು. ಥುಸಿಡಿಡೀಸ್ ಅದನ್ನೂ ಮುಚ್ಚಿಡುವುದಿಲ್ಲ.

ಹನ್ನೊಂದು ವರ್ಷದ ಮೇಲೆ ಮೀಲಾಸ್ ದ್ವೀಪದ ಪಾಲಿಗೆ ಎರಡನೆಯ ಹಡಗು ಬರಲಿಲ್ಲ. ಯಾರ ತಂಟೆಗೂ ಹೋಗದೆ ತಟಸ್ಥವಾಗಿರಲು ಬಯಸಿದ ಆ ಪುಟ್ಟ ಊರಿನ ಹಿರಿಯರಿಗೂ ಅಥೆನ್ಸಿನ ದೂತರಿಗೂ ನಡೆದ ಮಾತುಕತೆಯನ್ನು ಥುಸಿಡಿಡೀಸ್ ನಾಟಕದ ಸಂಭಾಷಣೆಯಂತೆಯೇ ಬರೆದ. ನ್ಯಾಯದ ಮಾತು ಸಮಬಲರ ನಡುವೆ ಮಾತ್ರ ಎಂದು ಅಥೆನ್ಸಿನವರು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ಮುತ್ತಿಗೆಯ ಕೊನೆಗೆ ಗಂಡಸರನ್ನು ಕೊಂದು ಉಳಿದವರನ್ನು ಮಾರಿದರು. ಮರುವರ್ಷವೇ, ಕ್ರಿ.ಪೂ. 415ರ ವಸಂತದಲ್ಲಿ, ಯೂರಿಪಿಡೀಸ್ ‘ಟ್ರಾಯ್‌ನ ಹೆಂಗಸರು’ ನಾಟಕ ಆಡಿಸಿದ: ಊರು ಬಿದ್ದಿದೆ, ಗಂಡಸರು ಸತ್ತಿದ್ದಾರೆ, ಹೆಂಗಸರು ಯಾರ ಪಾಲಿಗೆ ಯಾರೆಂದು ಕಾಯುತ್ತ ಕೂತಿದ್ದಾರೆ. ಗೆದ್ದವರು ಗ್ರೀಕರು, ಅಳುತ್ತಿರುವವರು ವೈರಿಗಳು. ಮೀಲಾಸ್ ಕವಿಯ ಮನಸ್ಸಿನಲ್ಲಿತ್ತೇ ಇಲ್ಲವೇ ಎಂದು ವಿದ್ವಾಂಸರು ಇಂದಿಗೂ ಜಗಳಾಡುತ್ತಾರೆ. ನೋಡುವವರ ಮನಸ್ಸಿನಲ್ಲಿ ಇರಲಿಲ್ಲ ಎನ್ನುವುದು ಮಾತ್ರ ಕಷ್ಟ. ಅದಕ್ಕೂ ಎರಡನೆಯ ಬಹುಮಾನವೇ.

ಆ ಬೇಸಿಗೆಯಲ್ಲಿ ಅಥೆನ್ಸಿನ ನೌಕಾಬಲ ಸಿಸಿಲಿ ಗೆಲ್ಲಲು ಹೊರಟಿತು. ಎರಡು ವರ್ಷದಲ್ಲಿ ಪೂರ್ತಿ ನಾಶವಾಯಿತು. ಸೆರೆ ಸಿಕ್ಕ ಏಳು ಸಾವಿರದಷ್ಟು ಮಂದಿಯನ್ನು ಅಲ್ಲಿನ ಸಿರಕ್ಯೂಸ್ ನಗರದ ಕಲ್ಲುಗಣಿಗಳಿಗೆ ತಳ್ಳಿದರು. ತಲೆಗೆ ದಿನಕ್ಕೆ ಕಾಲು ಲೀಟರಿನಷ್ಟು ನೀರು, ಅದರ ಎರಡರಷ್ಟು ಧಾನ್ಯ. ಕೆಲವರು ಮಾತ್ರ ಯೂರಿಪಿಡೀಸನ ಪದ್ಯಗಳನ್ನು ಬಾಯಿಪಾಠ ಹೇಳಿ ಬದುಕಿದರಂತೆ. ಸಿಸಿಲಿಯವರಿಗೆ ಅವನ ಹುಚ್ಚು, ಬಾಯಿಪಾಠ ಬಂದವರಿಗೆ ಊಟ, ಬಿಡುಗಡೆ. ಊರಿಗೆ ಮರಳಿದವರು ಕವಿಯ ಮನೆಗೆ ಹೋಗಿ ಕೃತಜ್ಞತೆ ಹೇಳಿದರೆಂದು ಪ್ಲುಟಾರ್ಕ್ ಬರೆಯುತ್ತಾನೆ. ಅವನು ಐನೂರು ವರ್ಷ ಆಮೇಲಿನವನು. ಕಥೆಯ ತೂಕವನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಬೇಕು.

ಅಥೆನ್ಸಿನ ಈ ಮಾತಿನ ಹಬ್ಬಕ್ಕೆ ಎಲ್ಲರಿಗೂ ಆಮಂತ್ರಣವಿರಲಿಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ಹೆಂಗಸರಿಗೆ ಮತವಿಲ್ಲ. ಗುಲಾಮನ ಸಾಕ್ಷ್ಯ ನಡೆಯಬೇಕಾದರೆ ಅವನಿಗೆ ಚಿತ್ರಹಿಂಸೆ ಕೊಟ್ಟು ಹೇಳಿಸಿರಬೇಕು. ಯೂರಿಪಿಡೀಸನ ನಾಟಕವೊಂದರಲ್ಲಿ ಮೀಡಿಯಾ ಎಂಬ ಪರದೇಶದ ಹೆಂಗಸು, ಒಂದು ಹೆರಿಗೆಗಿಂತ ಮೂರು ಸಲ ಯುದ್ಧದ ಸಾಲಿನಲ್ಲಿ ನಿಲ್ಲುವುದೇ ವಾಸಿ ಎಂದು ಗಂಡಸರ ಸಭೆಗೆ ಕೇಳಿಸುವಂತೆ ಹೇಳುತ್ತಾಳೆ. ಹೇಳುವ ನಟನೂ ಗಂಡಸು, ಬರೆದವನೂ ಗಂಡಸು. ಆ ನಾಟಕ ಆಡಿಸಿದ ವರ್ಷ ಯೂರಿಪಿಡೀಸನಿಗೆ ಮೂರನೆಯ, ಅಂದರೆ ಕೊನೆಯ ಸ್ಥಾನ.

ಸಾಕ್ರಟೀಸ್ ಏನನ್ನೂ ಬರೆಯಲಿಲ್ಲ. ಅವನು ಬದುಕಿದ್ದಾಗಲೇ ಅವನನ್ನು ಚಿತ್ರಿಸಿ ನಮ್ಮವರೆಗೂ ಪೂರ್ತಿಯಾಗಿ ಉಳಿದು ಬಂದ ಕೃತಿ ಒಂದು ಹಾಸ್ಯನಾಟಕ: ಕ್ರಿ.ಪೂ. 423ರಲ್ಲಿ ಅರಿಸ್ಟೊಫೇನೀಸ್ ಆಡಿಸಿದ ‘ಮೋಡಗಳು’. ಸಾಲಗಾರರ ಕಾಟ ತಾಳದ ಮುದುಕನೊಬ್ಬ, ವಾದದಲ್ಲಿ ಗೆದ್ದು ಸಾಲ ಮುಳುಗಿಸುವ ವಿದ್ಯೆ ಕಲಿಯಲು ಸಾಕ್ರಟೀಸನ ಶಾಲೆಗೆ ಬರುತ್ತಾನೆ. ಗುರುಗಳು ಬುಟ್ಟಿಯಲ್ಲಿ ಕೂತು ಅಂತರಿಕ್ಷದಲ್ಲಿ ತೂಗಾಡುತ್ತ ಸೂರ್ಯನನ್ನು ಚಿಂತಿಸುತ್ತಿದ್ದಾರೆ! ಅಲ್ಲಿ ಬಲವಾದ, ದುರ್ಬಲವಾದ ಎರಡು ವಾದಗಳೇ ವೇಷ ಹಾಕಿ ರಂಗಕ್ಕೆ ಬಂದು ಬೈದಾಡುತ್ತವೆ. ದುರ್ಬಲ ವಾದ ಗೆಲ್ಲುತ್ತದೆ. ಎರಡೂ ಕಡೆ ಕೇಳುವ ಊರಿನ ಚಟವನ್ನು ಆ ಊರಿನವನೇ ಗೇಲಿ ಮಾಡಿದ. ಆ ವರ್ಷ ಗೆದ್ದದ್ದು ಮುದುಕ ಕ್ರಾಟಿನಸ್. ಹಿಂದಿನ ವರ್ಷ ಅರಿಸ್ಟೊಫೇನೀಸ್ ಅವನನ್ನು ಕುಡಿದು ಹಾಳಾದವನೆಂದು ಆಡಿಕೊಂಡಿದ್ದ. ಮುದುಕ ತನ್ನ ಕುಡಿತವನ್ನೇ ವಸ್ತು ಮಾಡಿಕೊಂಡು ಬರೆದು ಮೊದಲ ಬಹುಮಾನ ಹೊಡೆದ. ‘ಮೋಡಗಳು’ ಕೊನೆಯ ಸ್ಥಾನಕ್ಕೆ ಬಿತ್ತು.

ನಗೆ ಅಲ್ಲಿಗೇ ನಿಲ್ಲಲಿಲ್ಲ. ಕ್ರಿ.ಪೂ. 399ರಲ್ಲಿ ಎಪ್ಪತ್ತರ ಸಾಕ್ರಟೀಸ್ ನ್ಯಾಯಾಲಯದಲ್ಲಿ ನಿಂತಾಗ, ತನ್ನ ಮೇಲಿನ ಹಳೆಯ ಆರೋಪಗಳ ಬೇರು ಆ ನಾಟಕದಲ್ಲಿದೆ ಎಂದು ಹೇಳಿದನೆಂದು ಅವನ ಶಿಷ್ಯ ಪ್ಲೇಟೋ ಬರೆಯುತ್ತಾನೆ. ಅದಕ್ಕೆ ಏಳು ವರ್ಷ ಹಿಂದೆ ನೌಕಾಯುದ್ಧ ಗೆದ್ದೂ ಮುಳುಗುವವರನ್ನು ರಕ್ಷಿಸಲಿಲ್ಲವೆಂದು ದಂಡನಾಯಕರೆಲ್ಲರನ್ನೂ ಒಟ್ಟಿಗೆ ಒಂದೇ ಮತದಲ್ಲಿ ಕೊಲ್ಲಲು ಜನ ಕೂಗಾಡಿದಾಗ, ಅದು ಕಾನೂನಲ್ಲ ಎಂದು ಸಭೆಯ ಅಧ್ಯಕ್ಷ ಮಂಡಳಿಯಲ್ಲಿ ಕೊನೆಯವರೆಗೂ ಹಟ ಹಿಡಿದವನು ಸಾಕ್ರಟೀಸ್ ಒಬ್ಬನೇ. ಒಬ್ಬೊಬ್ಬರ ಮಾತನ್ನೂ ಬೇರೆಯಾಗಿ ಕೇಳಬೇಕಿತ್ತು; ಊರು ಕೇಳಲಿಲ್ಲ, ಆರು ಮಂದಿಯನ್ನು ಕೊಂದು ಆಮೇಲೆ ಪಶ್ಚಾತ್ತಾಪಪಟ್ಟಿತು. ಅವನ ಸ್ವಂತ ವಿಚಾರಣೆಯಲ್ಲಿ ಪಾತ್ರೆಯ ನೀರು ನ್ಯಾಯವಾಗಿಯೇ ಹರಿಯಿತು. ಐನೂರರಷ್ಟಿದ್ದ ಪಂಚರಲ್ಲಿ ಮೂವತ್ತು ಮಂದಿ ಮತ ಬದಲಿಸಿದ್ದರೆ ಅವನು ಬಿಡುಗಡೆಯಾಗುತ್ತಿದ್ದ. ಎರಡೂ ಕಡೆ ಕೇಳಿದ ಮಾತ್ರಕ್ಕೆ ತೀರ್ಪು ಸರಿಯಾಗುತ್ತದೆಂದು ಯಾರು ಹೇಳಿದರು?

ತರುಣ ಪ್ಲೇಟೋ ದುರಂತ ನಾಟಕಗಳನ್ನು ಬರೆದಿದ್ದನೆಂದೂ ಸಾಕ್ರಟೀಸನ ಮಾತು ಕೇಳಿ ಸುಟ್ಟುಹಾಕಿದನೆಂದೂ ಪ್ರತೀತಿ. ಸುಟ್ಟರೂ ನಾಟಕದ ಕೈ ಬಿಡಲಿಲ್ಲ. ಆದರ್ಶ ರಾಜ್ಯದಿಂದ ಕವಿಗಳನ್ನು ಗಡೀಪಾರು ಮಾಡಿದ ಈತನ ಬರಹ ಬಹುಪಾಲು ಸಂಭಾಷಣೆ. ತನ್ನ ಬಾಯಿಂದ ಒಂದು ಮಾತೂ ಆಡುವುದಿಲ್ಲ. ‘ಸಿಂಪೋಸಿಯಂ’ ಓದಬೇಕು. ಕವಿ ಅಗಾಥಾನ್ ನಾಟಕಸ್ಪರ್ಧೆ ಗೆದ್ದ ಖುಷಿಗೆ ಕೊಟ್ಟ ಔತಣ. ಪ್ರೇಮದ ಮೇಲೆ ಒಬ್ಬೊಬ್ಬರೂ ಭಾಷಣ ಮಾಡಬೇಕು. ಸರದಿ ಬಂದಾಗ ಅರಿಸ್ಟೊಫೇನೀಸನಿಗೆ ಬಿಕ್ಕಳಿಕೆ. ಪಕ್ಕದಲ್ಲಿದ್ದ ವೈದ್ಯ ಉಪಾಯ ಹೇಳುತ್ತಾನೆ: ಉಸಿರು ಹಿಡಿ, ಆಗದಿದ್ದರೆ ಬಾಯಿ ಮುಕ್ಕಳಿಸು, ಅದಕ್ಕೂ ಬಗ್ಗದಿದ್ದರೆ ಮೂಗಿಗೆ ಏನಾದರೂ ತುರುಕಿ ಸೀನು. ಸೀನಿದ ಮೇಲೆ ನಿಂತಿತು. ಸಾಕ್ರಟೀಸನನ್ನು ಬುಟ್ಟಿಯಲ್ಲಿ ತೂಗಿಸಿದವನು ಸಾಕ್ರಟೀಸನ ಪಂಕ್ತಿಯಲ್ಲೇ ಕೂತಿದ್ದಾನೆ, ಅತ್ಯಂತ ಸೊಗಸಾದ ಕಥೆಯೊಂದನ್ನು ಪ್ಲೇಟೋ ಅವನ ಬಾಯಿಗೇ ಕೊಟ್ಟಿದ್ದಾನೆ. ಬೆಳಗಿನ ಜಾವದ ಹೊತ್ತಿಗೆ ದುರಂತವನ್ನೂ ಹಾಸ್ಯವನ್ನೂ ಒಬ್ಬನೇ ಬರೆಯಬಲ್ಲವನಾಗಬೇಕು ಎಂದು ಸಾಕ್ರಟೀಸ್ ವಾದಿಸುತ್ತಿರುವಾಗ, ಹಾಸ್ಯಕಾರ ಮೊದಲು ನಿದ್ದೆಹೋಗುತ್ತಾನೆ, ದುರಂತಕಾರ ಆಮೇಲೆ. ಸಾಕ್ರಟೀಸ್ ಎದ್ದು ಸ್ನಾನಕ್ಕೆ ಹೋಗುತ್ತಾನೆ.

ಝೆನೊಫನ್ ಸಾಕ್ರಟೀಸನ ಇನ್ನೊಬ್ಬ ಶಿಷ್ಯ, ಕುದುರೆ ಸವಾರ, ಕೂಲಿ ಸೈನಿಕ. ಥುಸಿಡಿಡೀಸನ ಚರಿತ್ರೆ ಕ್ರಿ.ಪೂ. 411ರ ಹತ್ತಿರ ಅರ್ಧಕ್ಕೆ ನಿಂತುಹೋದಾಗ ಮುಂದುವರಿಸಿದವನು ಇವನೇ. ಆಳದಲ್ಲಿ ಅವನಿಗೆ ಸಮನಲ್ಲ. ಆದರೆ ಪರ್ಷಿಯದ ನಡುನಾಡಿನಲ್ಲಿ ನಾಯಕರನ್ನು ಕಳೆದುಕೊಂಡ ಹತ್ತು ಸಾವಿರ ಗ್ರೀಕರು ಹಿಮ ತುಳಿದು ಕಪ್ಪುಸಮುದ್ರ ಮುಟ್ಟಿದ ಸಾಹಸವನ್ನು ಇವನಷ್ಟು ಚುರುಕಾಗಿ ಬೇರೆ ಯಾರೂ ಹೇಳುತ್ತಿರಲಿಲ್ಲ.

ಅರಿಸ್ಟಾಟಲ್ ಕಾಲಕ್ಕೆ ಮೂರೂ ಕಪಾಟುಗಳು ಬೇರೆಯಾಗತೊಡಗಿದ್ದವು. ಚರಿತ್ರೆ ಅಥೆನ್ಸಿನ ಮುಂದಾಳು ಆಲ್ಸಿಬಯಡೀಸ್ ಏನು ಮಾಡಿದನೆಂದು ಹೇಳುತ್ತದೆ, ಕಾವ್ಯ ಅಂಥ ಮನುಷ್ಯ ಏನು ಮಾಡಬಹುದೆಂದು ಹೇಳುತ್ತದೆ. ಆದ್ದರಿಂದ ಕಾವ್ಯವೇ ತತ್ತ್ವಕ್ಕೆ ಹತ್ತಿರ ಎಂದು ಅವನ ತೀರ್ಪು. ಗುರು ಪ್ಲೇಟೋ ಹೊರಗಟ್ಟಿದ ಕವಿಗಳನ್ನು ಶಿಷ್ಯ ಒಳಗೆ ಕರೆತಂದ. ಬಾಗಿಲಲ್ಲಿ ಚರಿತ್ರಕಾರರನ್ನು ತಡೆದು ನಿಲ್ಲಿಸಿದ. ಮಿಟಿಲೀನಿಯ ಆ ಎರಡನೆಯ ಹಡಗಿನ ಪುಟಗಳನ್ನು ಓದಿದವರಿಗೆ ಈ ತೀರ್ಪು ಒಪ್ಪಿಗೆಯಾಗುವುದಿಲ್ಲ. ಆದರೂ ಹಬ್ಬದ ನಾಟಕಸ್ಪರ್ಧೆಗಳ ದಾಖಲೆ ಕಲೆಹಾಕಿ, ಯಾವ ವರ್ಷ ಯಾರು ಗೆದ್ದರೆಂದು ಪಟ್ಟಿ ಮಾಡಿದವನೂ ಅವನೇ. ನಾಟಕದ ಚರಿತ್ರಕಾರನ ಕೆಲಸವನ್ನೇ ತತ್ತ್ವಜ್ಞಾನಿ ಮಾಡಿದ.

ಉಳಿದದ್ದು ಎಷ್ಟು? ಸೊಫೊಕ್ಲೀಸನ ನೂರಿಪ್ಪತ್ತಕ್ಕೂ ಹೆಚ್ಚು ನಾಟಕಗಳಲ್ಲಿ ಪೂರ್ತಿ ಸಿಕ್ಕಿದ್ದು 7, ಈಸ್ಕಿಲಸನ ಹೆಸರಿನಲ್ಲೂ 7, ಅರಿಸ್ಟೊಫೇನೀಸನವು 11. ಯೂರಿಪಿಡೀಸನವು ಮಾತ್ರ 19, ಅವುಗಳಲ್ಲಿ ಒಂದರ ಬಗ್ಗೆ ಅನುಮಾನ. ಅವನ ಪಾಲು ಹೆಚ್ಚಾದದ್ದು ಗುಣದಿಂದಲ್ಲ. ಅಕಾರಾದಿಯಾಗಿ ಜೋಡಿಸಿದ ಅವನ ಸಮಗ್ರ ನಾಟಕಗಳ ಒಂದು ಭಾಗ ಹೇಗೋ ಉಳಿದುಕೊಂಡಿತು. ಅದಕ್ಕೇ ಗ್ರೀಕ್ ವರ್ಣಮಾಲೆಯ ನಡುವಿನ ಕೆಲವೇ ಅಕ್ಷರಗಳಿಂದ ಶುರುವಾಗುವ ನಾಟಕಗಳು ಒಟ್ಟಿಗೆ ಸಿಕ್ಕಿವೆ. ಅಥೆನ್ಸ್ ಮೂವರು ದುರಂತಕಾರರ ಅಧಿಕೃತ ಪ್ರತಿಗಳನ್ನು ಸರ್ಕಾರಿ ಭದ್ರತೆಯಲ್ಲಿ ಇಟ್ಟಿತ್ತು. ಈಜಿಪ್ಟಿನ ದೊರೆ ಮೂರನೆಯ ಟಾಲೆಮಿ ಅಲೆಕ್ಸಾಂಡ್ರಿಯದ ಗ್ರಂಥಾಲಯಕ್ಕಾಗಿ ನಕಲು ಮಾಡಿಕೊಂಡು ಮರಳಿಸುತ್ತೇನೆಂದು 15 ಟ್ಯಾಲೆಂಟ್ ಬೆಳ್ಳಿ ಒತ್ತೆಯಿಟ್ಟು ತರಿಸಿಕೊಂಡ. ನಕಲುಗಳನ್ನು ಚೆಂದದ ಹಾಳೆಯಲ್ಲಿ ಬರೆಸಿ ಅವನ್ನೇ ಅಥೆನ್ಸಿಗೆ ಕಳಿಸಿದ. ಮೂಲವನ್ನು ಇಟ್ಟುಕೊಂಡ, ಒತ್ತೆಯ ಹಣ ನೀವೇ ಇಟ್ಟುಕೊಳ್ಳಿ ಎಂದ. ಕಥೆ ಹೇಳಿದವನು ವೈದ್ಯ ಗೇಲನ್.

ಅದೇ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳನ್ನು 1896-97ರಲ್ಲಿ ಅಗೆಯಲು ತೊಡಗಿದ ಗ್ರೆನ್‌ಫೆಲ್, ಹಂಟ್ ಎಂಬ ಇಬ್ಬರು ತರುಣ ವಿದ್ವಾಂಸರಿಗೆ ಪಪೈರಸ್ ಹಾಳೆಗಳು ರಾಶಿರಾಶಿಯಾಗಿ ಸಿಕ್ಕವು. ಅವರು 1903ರಲ್ಲಿ ಪ್ರಕಟಿಸಿದ 413ನೆಯ ಪಪೈರಸ್ ಒಂದು ಪ್ರಹಸನ. ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ರಾಜನೊಬ್ಬನ ಸೆರೆಯಲ್ಲಿದ್ದಾಳೆ, ಅವಳನ್ನು ಬಲಿಕೊಡಬೇಕೆಂದಿದ್ದಾರೆ. ಅಣ್ಣ ಹಡಗಿನಲ್ಲಿ ಬಂದು, ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ತಂಗಿಯನ್ನು ಕರೆದೊಯ್ಯುತ್ತಾನೆ. ಯೂರಿಪಿಡೀಸನ ಇಫಿಜಿನಿಯಾ ನಾಟಕವೊಂದರ ಅಣಕವಿದು. ಭಾರತೀಯ ಪಾತ್ರಗಳು ಗ್ರೀಕಲ್ಲದ ಭಾಷೆ ಆಡುತ್ತವೆ. ಅದು ಕನ್ನಡ ಎಂದು 1904ರಲ್ಲಿ ಜರ್ಮನಿಯ ಹುಲ್ಟ್ಶ್ ವಾದ ಮುಂದಿಟ್ಟರು. ಬಟ್ಟಲಿಗೆ ಕೊಂಚ ಮಧು ಹಾಕುವ ಮಾತು ಅವರಿಗೆ ಅಲ್ಲಿ ಕೇಳಿಸಿತ್ತು. ‘ಅರ್ಥಶಾಸ್ತ್ರ’ವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಈ ಚರ್ಚೆಗೆ ಕೈಹಾಕಿದರು. ಲಂಡನ್ನಿನ ಬಾರ್ನೆಟ್ 1926ರಲ್ಲಿ, ಇದು ಕನ್ನಡವಲ್ಲ ಎಂದು ಎದುರುವಾದ ಹೂಡಿದರು. ತುಳು ಎನ್ನುವವರೂ ಇದ್ದಾರೆ, ಬರಿಯ ನಗೆಗಾಗಿ ಕಟ್ಟಿದ ಅರ್ಥವಿಲ್ಲದ ಸದ್ದು ಎನ್ನುವವರೂ ಇದ್ದಾರೆ.

ಭಾಷೆ ಯಾವುದೇ ಇರಲಿ, ಆ ಹಾಳೆ ಮೇಳದವರು ಬಳಸಿದ ಪ್ರತಿ ಎಂಬುದರ ಗುರುತುಗಳು ಅದರಲ್ಲಿವೆ. ಮಾತುಗಳ ನಡುನಡುವೆ ಎಲ್ಲಿ ಚರ್ಮವಾದ್ಯ ಬಡಿಯಬೇಕು, ಎಲ್ಲಿ ತಾಳ ಕುಟ್ಟಬೇಕು ಎಂಬ ಸೂಚನೆ ಬರೆದಿದ್ದಾರೆ. ಬೆನ್ನಟ್ಟಿ ಬಂದ ಸೈನ್ಯವನ್ನು ವಿದೂಷಕ ಹೂಸು ಬಿಟ್ಟು ಓಡಿಸುವ ಘಟ್ಟದಲ್ಲೂ ಮದ್ದಳೆಯವನಿಗೆ ಕೆಲಸವಿದೆ.